ಮಾಸುಮಬಿಯ ಮಾತು

ಪರಮೇಶಪ್ಪನಿಗೆ ಜಗತ್ತಿನ ಯಾವ ದೇಶದ ಬಗ್ಗೆ ಕೇಳಿದರೂ ಒಂದು ಅಭಿಪ್ರಾಯವಿತ್ತು. ಮೋಟೆಬೆನ್ನೂರಿನಿಂದ ಬ್ಯಾಡಗಿಗೆ ಸೈಕಲ್ ತುಳಿಯುತ್ತ ಬರುವಷ್ಟರಲ್ಲಿ ಅವನು ರಷ್ಯಾವನ್ನು ತರಾಟೆಗೆ ತೆಗೆದುಕೊಂಡು, ಚೀನಾಕ್ಕೆ ಬುದ್ಧಿ ಹೇಳಿ, ವಿಶ್ವಸಂಸ್ಥೆಗೆ ಬೀಗವನ್ನೂ ಹಾಕಿಸಿಬಿಟ್ಟಿರುತ್ತಿದ್ದ. ಇದನ್ನೆಲ್ಲ ಮನೆಯಲ್ಲಿ ಹೇಳಿಕೊಳ್ಳುವ ಹಾಗಿರಲಿಲ್ಲ. ಬಾಯಿ ತೆರೆದರೆ ಸಾಕು, ಹೆಂಡತಿ ಶಾರದವ್ವ, "ಮೊದ್ಲ ಓಣ್ಯಾಗಿನ ನಳಾ ಯಾಕ ಬಂದಿಲ್ಲ ಅನ್ನೂದು ನೋಡ್ರಿ, ಆಮ್ಯಾಲ ಅಮೆರಿಕಾ ನೋಡೂಣಂತ" ಎಂದು ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದಳು.

ಹಾಗಾಗಿ ಅವನಿಗೆ ದಕ್ಕಿದ ಸಭೆಯೆಂದರೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿದ್ದ ಶಂಕ್ರಪ್ಪ ಸಾಹುಕಾರರ ದಲಾಲಿ ಅಂಗಡಿಯ ಅಂಗಳ. ಪರಮೇಶಪ್ಪ ಅಲ್ಲಿ ಗುಮಾಸ್ತ. ಸುಗ್ಗಿಯ ದಿನಗಳಲ್ಲಿ ಅಂಗಳದ ತುಂಬ ಕೆಂಪು ರಾಶಿ, ರಾಶಿಯ ಸುತ್ತ ಮೂಗಿಗೆ ಸೆರಗು ಕಟ್ಟಿಕೊಂಡು ಕೂತ ಹೆಂಗಸರು. ಬೆಳಗಿನಿಂದ ಸಂಜೆಯವರೆಗೆ ಮೆಣಸಿನಕಾಯಿಯ ತೊಟ್ಟು ಮುರಿಯುವುದೇ ಅವರ ಕೆಲಸ. ಕೈ ತನ್ನ ಪಾಡಿಗೆ ತಾನು ಮುರಿಯುತ್ತಿರುತ್ತದೆ, ಕಿವಿ ಮಾತ್ರ ಖಾಲಿ. ಅದಕ್ಕೇ ಆ ಅಂಗಳದಲ್ಲಿ ಒಂದು ರೂಢಿ ಬೆಳೆದಿತ್ತು. ಖರೀದಿದಾರರು ಟೆಂಡರ್ ಬರೆದು ಹಾಕಿದ ಮೇಲೆ ದರ ಹೊರಬೀಳುವ ತನಕ ಗುಮಾಸ್ತನಿಗೆ ಬಿಡುವು. ಆ ಹೊತ್ತಿನಲ್ಲಿ ಅವನು ಖಾಲಿ ಚೀಲಗಳ ಮೇಲೆ ಕೂತು ಪೇಪರನ್ನು ದೊಡ್ಡದಾಗಿ ಓದಬೇಕು. ಬದಲಿಗೆ ಹೆಂಗಸರು ಬುತ್ತಿ ಬಿಚ್ಚಿದಾಗ ಚಟ್ನಿಯ ಮೊದಲ ಪಾಲು ಅವನದು.

ಓದಿ ಸುಮ್ಮನಾಗುವ ಜಾಯಮಾನ ಪರಮೇಶಪ್ಪನದಲ್ಲ. ಒಂದು ಸುದ್ದಿಗೆ ಒಂದು ಒಗ್ಗರಣೆ ಬೀಳಲೇಬೇಕು. ಹೆಂಗಸರೂ ಒಗ್ಗರಣೆಗೇ ಕಾಯುತ್ತಿದ್ದರು. "ನೀವೇನಂತೀರಿ, ಅಣ್ಣಾರ?" ಎಂದು ಮೊದಲು ಕೇಳುವವಳು ಹೊಳಿಯವ್ವ, ಅವರೆಲ್ಲರಿಗಿಂತ ಹಿರಿಯಳು, ಬಾಯಿಯೂ ಹಿರಿದು. ಕೇಳದೆ ಕಿವಿಗೊಡುವವಳು ಮಾಸುಮಬಿ. ಗಂಡ ಗೌಂಡಿ ಕೆಲಸದವನು, ಅವಳು ವರ್ಷಗಳಿಂದ ಇದೇ ಅಂಗಳದಲ್ಲಿ ಬೇವಿನ ಗಿಡದ ಬುಡದ ಜಾಗ ಹಿಡಿದು ಕೂತವಳು. ಅವಳು ತಲೆಯೆತ್ತಿ ನೋಡಿದರೆ ಇವತ್ತಿನ ಮಾತು ಚೆನ್ನಾಗಿ ಬಂತು ಎಂದು ಪರಮೇಶಪ್ಪನಿಗೆ ಒಳಗೊಳಗೇ ಹಿಗ್ಗು.

ಅವನಲ್ಲಿ ಇನ್ನೊಂದು ಸರಕಿತ್ತು, ಅಪ್ಪನ ಕಥೆ. ನಲವತ್ತೆರಡರ ಚಳವಳಿಯಲ್ಲಿ ಅವನ ಅಪ್ಪ ಊರ ಚಾವಡಿಯ ಮುಂದೆ ನಿಂತು ಘೋಷಣೆ ಕೂಗಿ ಸಿಕ್ಕಿಬಿದ್ದಿದ್ದ. "ಈ ಮಾತು ನಿನಗ ಯಾರು ಕಲಿಸಿದರು?" ಎಂದು ಫೌಜದಾರ ಲಾಠಿ ಊರಿ ಕೇಳಿದ. ಕಲಿಸಿದವನು ಗುಂಪಿನಲ್ಲೇ ಇದ್ದ. ಅಪ್ಪ ಅತ್ತ ತಿರುಗಿಯೂ ನೋಡದೆ, "ಯಾರೂ ಕಲಿಸಿಲ್ಲ. ನಂದ ಮಾತು" ಅಂದನಂತೆ. ಈ ಕಥೆಯನ್ನು ಅಂಗಳದ ಹೆಂಗಸರು ಎಷ್ಟು ಸಲ ಕೇಳಿದ್ದರೆಂದರೆ, ಫೌಜದಾರನ ಮೀಸೆ ಎಲ್ಲಿ ಬರಬೇಕೋ ಅಲ್ಲಿ ಹೊಳಿಯವ್ವನೇ ಅದನ್ನು ತಿರುವಿ ತೋರಿಸುತ್ತಿದ್ದಳು.

ಎರಡು ಸಾವಿರದ ಮೂರನೆಯ ಇಸವಿಯ ಸುಗ್ಗಿ ಅದು. ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗಲೇ ಅಮೆರಿಕ ಇರಾಕಿನ ಮೇಲೆ ಏರಿ ಹೋಯಿತು. ಹಾವೇರಿ ಕಡೆಯಿಂದ ಬರುವ ಮೊದಲ ಬಸ್ಸಿಗೆ ಪೇಪರು ಇಳಿಯುವುದೇ ತಡ, ಪರಮೇಶಪ್ಪ ಅದನ್ನು ಕಸಿದುಕೊಂಡಂತೆ ಹಿಡಿದು ಅಂಗಳಕ್ಕೆ ಬರುತ್ತಿದ್ದ. ಬಾಗ್ದಾದು, ಬಾಂಬು, ಉರಿಯುತ್ತಿರುವ ಎಣ್ಣೆ ಬಾವಿ ಎಲ್ಲ ಓದಿ ಮುಗಿಸಿ, ಒಂದು ದಿನ ಅವನು ಪೇಪರನ್ನು ತೊಡೆಯ ಮೇಲಿಟ್ಟು ಹೇಳಿದ:

"ಮ್ಯಾಲಿಂದ ಬಾಂಬ್ ಹಾಕಿದ್ರ ಅದಕ್ಕ ಯುದ್ಧ ಅಂತಾರ. ಕೆಳಗ ನಿಂತು ಹಾಕಿದ್ರ ಉಗ್ರರ ಕೆಲಸ ಅಂತಾರ. ಸತ್ತವರ ಅವ್ವನ ಮುಂದ ಎರಡೂ ಒಂದ."

ಹೆಂಗಸರು ತಲೆದೂಗಿದರು. ಗಾದಿಯ ಮೇಲಿದ್ದ ಶಂಕ್ರಪ್ಪ ಸಾಹುಕಾರರು ಸಹ ಎಲೆ ಅಡಿಕೆ ಮೆಲ್ಲುತ್ತ, "ಶಾಭಾಷ್ ಪರಮೇಶಿ, ನೀ ದಿಲ್ಲಿಗೆ ಹೋಗಬೇಕಿತ್ತು ನೋಡು" ಎಂದು ನಕ್ಕರು. ಮಾಸುಮಬಿ ತಲೆಯೆತ್ತಿ ನೋಡಿದಳು. ಅವತ್ತು ಸಂಜೆ ಪರಮೇಶಪ್ಪನಿಗೆ ಸೈಕಲ್ ತುಳಿದದ್ದೇ ಗೊತ್ತಾಗಲಿಲ್ಲ.

ಆಮೇಲೆ ಒಂದು ವಾರ ಕಳೆದಿರಬಹುದು. ರಾಣೆಬೆನ್ನೂರಿನ ಖರೀದಿದಾರ ಪ್ರವೀಣಕುಮಾರ ಅಂಗಳಕ್ಕೆ ಬಂದ. ಇನ್ನೂ ಹರೆಯದವನು, ಆದರೆ ಅವನು ಎತ್ತುವ ಮಾಲಿನ ಮೇಲೆ ಶಂಕ್ರಪ್ಪನವರ ಅರ್ಧ ಸುಗ್ಗಿ ನಿಂತಿತ್ತು. ರಾಶಿಯಿಂದ ಒಂದು ಕಾಯಿ ತೆಗೆದು ಮುರಿದು, ಮೂಸಿ, ಬೀಜ ನೋಡುತ್ತಿದ್ದವನು ಚೀಲದ ಮೇಲಿದ್ದ ಪೇಪರು ಕಂಡು, "ಹಾಕಲಿ ಬಿಡ್ರಿ, ಇನ್ನಾ ನಾಕು ಹಾಕಲಿ. ಆ ಮಂದೀಗೆ ಹಂಗ ಆಗಬೇಕು. ಸಣ್ಣವರು, ದೊಡ್ಡವರು ಅಂತ ನೋಡಬಾರ್ದು" ಅಂದ.

ಮೆಣಸಿನಕಾಯಿಯ ಘಾಟಿಗೆ ಯಾರೋ ಸೀನಿದರು. ಆಗ ಬೇವಿನ ಬುಡದಿಂದ ಮಾತು ಬಂತು. ಮಾಸುಮಬಿ ಸೆರಗು ಸರಿಸಿ, ಕೈಯ ಕೆಲಸ ನಿಲ್ಲಿಸದೆ, ಜಗಳದ ದನಿಯಲ್ಲೂ ಅಲ್ಲ, ಮಳೆ ಬರುವ ಹಾಗಿದೆ ಎನ್ನುವವರ ದನಿಯಲ್ಲಿ ಹೇಳಿದಳು:

"ಮ್ಯಾಲಿಂದ ಹಾಕಿದ್ರ ಯುದ್ಧ ಅಂತಾರ್ರಿ, ಕೆಳಗ ನಿಂತು ಹಾಕಿದ್ರ ಉಗ್ರರು ಅಂತಾರ. ಸತ್ತವರ ಅವ್ವನ ಮುಂದ ಎರಡೂ ಒಂದ ಅಲ್ಲೇನ್ರಿ?"

ಪ್ರವೀಣಕುಮಾರನ ಮುಖ ರಾಶಿಯ ಬಣ್ಣಕ್ಕೆ ತಿರುಗಿತು. "ಏನಂದಿ? ಉಗ್ರರು ಮಾಡೂದು ಸರಿ ಅಂತೀಯೇನು? ಸಾಹುಕಾರ್ರ, ಎಂಥವರನ್ನ ಕೂಡ್ರಿಸಿಕೊಂಡೀರಿ ಅಂಗಳದಾಗ?"

"ಸರಿ ಅಂದಿಲ್ರಿ ನಾನು..."

"ಏ, ನಿಂದ್ರು!" ಶಂಕ್ರಪ್ಪನವರು ಗಾದಿಯಿಂದ ಎದ್ದೇಬಂದರು. "ಯಾರು ಕಲಿಸ್ಯಾರ ನಿನಗ ಇದನ್ನ?"

ಪರಮೇಶಪ್ಪ ತಕ್ಕಡಿಯ ಹತ್ತಿರ ನಿಂತಿದ್ದ. ಕೈಯಲ್ಲಿ ತೂಕದ ಕಲ್ಲಿತ್ತು. ಅಂಗಳದ ಅಷ್ಟೂ ಹೆಂಗಸರ ಕಣ್ಣು ತನ್ನ ಕಡೆ ತಿರುಗಿದ್ದು ಅವನಿಗೆ ತಲೆಯೆತ್ತದೆಯೇ ತಿಳಿಯಿತು. ಇಷ್ಟು ಹೇಳಿದ್ದರೆ ಸಾಕಿತ್ತು: "ಸಾಹುಕಾರ್ರ, ಅದು ನಾ ಅಂದ ಮಾತು, ನೀವ ಶಾಭಾಷ್ ಅಂದೀರಿ." ಮಾತು ಗಂಟಲ ತನಕ ಬಂದಿತ್ತು. ಅದರ ಹಿಂದೆಯೇ ಪ್ರವೀಣಕುಮಾರನ ಮುಖವೂ ಕಣ್ಣ ಮುಂದೆ ಬಂತು, ಬೇರೆ ಅಂಗಡಿಗೆ ಹೊರಟುಹೋದ ಅವನ ಲಾರಿಯೂ ಬಂತು, ಗಾದಿಯ ಪಕ್ಕದ ತನ್ನ ಜಾಗವೂ ಬಂತು.

ಅಷ್ಟರಲ್ಲಿ ಮಾಸುಮಬಿ ಹೇಳಿಬಿಟ್ಟಳು. ಅವಳೊಬ್ಬಳೇ ಅವನ ಕಡೆ ನೋಡಿರಲಿಲ್ಲ.

"ಯಾರೂ ಕಲಿಸಿಲ್ರಿ. ನಂದ ಮಾತು."

ಆ ಮಾತು ಕಿವಿಗೆ ಬಿದ್ದದ್ದೇ ಪರಮೇಶಪ್ಪ ಕೈಯಲ್ಲಿದ್ದ ಕಲ್ಲನ್ನು ತಕ್ಕಡಿಯಲ್ಲಿಟ್ಟ. ನೂರು ಸಲ ತಾನು ಅಪ್ಪನ ಬಾಯಲ್ಲಿ ಆಡಿಸಿದ್ದ ಮಾತು. ಈಗಲಾದರೂ ಬಾಯಿ ಬಿಡಬೇಕಿತ್ತು. ಬಿಟ್ಟ, ನಿಜ. ಆದರೆ ಹೊರಗೆ ಬಂದದ್ದು ಬೇರೆಯದೇ.

"ಹೋಗ್ಲಿ ಬಿಡ್ರಿ ಸಾಹುಕಾರ್ರ. ಓದು ಬರಹ ಇಲ್ಲದ ಹೆಣಮಗಳು. ಆಕೀಗೇನ್ ತಿಳೀತೈತಿ, ಎಲ್ಲೋ ಕೇಳಿದ್ದನ್ನ ಒದರ್ಯಾಳ."

ಅವಳನ್ನು ಕಾಪಾಡುತ್ತಿದ್ದೇನೆ ಎಂದೇ ಆ ಕ್ಷಣದಲ್ಲಿ ಅವನು ತಿಳಿದಿದ್ದ. ಮಾಸುಮಬಿಯ ಕೈ ಮೊದಲ ಬಾರಿಗೆ ನಿಂತಿತು. ಅವನ ಕಡೆ ಒಮ್ಮೆ ನೋಡಿದಳು. ಕಣ್ಣಲ್ಲಿ ನೀರಿತ್ತು, ಆದರೆ ಮೆಣಸಿನಕಾಯಿಯ ಅಂಗಳದಲ್ಲಿ ಎಲ್ಲರ ಕಣ್ಣಲ್ಲೂ ದಿನವಿಡೀ ನೀರಿರುತ್ತದೆ. "ನಾಳಿಂದ ಬರಬ್ಯಾಡ" ಎಂದರು ಶಂಕ್ರಪ್ಪನವರು. ಅವಳು ಮಡಿಲಲ್ಲಿದ್ದ ತೊಟ್ಟುಗಳನ್ನು ಝಾಡಿಸಿ, ಬುತ್ತಿಯ ಗಂಟು ತೆಗೆದುಕೊಂಡು ಹೋದಳು.

ಸುದ್ದಿಗೆ ಕಾಲು ಬಂದಿತು. ಪೇಟೆಯ ಬೇರೆ ಅಂಗಳಗಳಿಗೆ ಅದು ಮುಟ್ಟುವಷ್ಟರಲ್ಲಿ, ಮಾಸುಮಬಿ ಉಗ್ರರಿಗೆ ಜೈ ಅಂದಳಂತೆ ಎಂದಾಗಿತ್ತು. ಎಲ್ಲಿ ಹೋದರೂ ಜಾಗವಿಲ್ಲ. ಕೊನೆಗೆ ಅವಳು ದಿನಾ ರೈಲು ಹಿಡಿದು ರಾಣೆಬೆನ್ನೂರಿಗೆ ಹೋಗಿ, ಅಲ್ಲಿ ಯಾವುದೋ ಬೀಜದ ಗೋದಾಮಿನಲ್ಲಿ ಬೀಜ ಹಸನು ಮಾಡುವ ಕೆಲಸಕ್ಕೆ ಸೇರಿದಳೆಂದು ಹೊಳಿಯವ್ವ ಗಾಳಿಗೆ ಹೇಳಿದಳು. ಪರಮೇಶಪ್ಪನಿಗೆ ನೇರವಾಗಿ ಹೇಳುವುದನ್ನು ಅವಳು ಬಿಟ್ಟಿದ್ದಳು. ಚಟ್ನಿಯ ಪಾಲೂ ನಿಂತಿತ್ತು. ಅವನು ಪೇಪರು ತರುವುದನ್ನು ಬಿಟ್ಟ, ಕೇಳುವವರೂ ಇರಲಿಲ್ಲ. ಮನೆಯಲ್ಲಿ ಉಣ್ಣಲು ಕೂತರೆ ರೊಟ್ಟಿ ಮುರಿದು ಮುರಿದು ಹಾಗೇ ಇಡುತ್ತಿದ್ದ. ಗೋಡೆಯ ಮೇಲಿನ ಅಪ್ಪನ ಪಟದ ಕೆಳಗೆ ಮಲಗುವುದು ಆಗದೆ ಹಾಸಿಗೆಯನ್ನು ಪಡಸಾಲೆಗೆ ಒಯ್ದ. ಸೆಖೆ ಎಂದು ಶಾರದವ್ವನಿಗೆ ಸುಳ್ಳು ಹೇಳಿದ.

ಕಡೆಗೊಂದು ದಿನ ತಡೆಯಲಾರದೆ ಗಾದಿಯ ಮುಂದೆ ಹೋಗಿ ನಿಂತ. "ಸಾಹುಕಾರ್ರ, ಮಾಸುಮಬಿ ಅಂದದ್ದು ನನ್ನ ಮಾತು. ನಾ ಓದಿ ಹೇಳಿದ್ದು. ತೆಗಿಯೂದಿದ್ರ ನನ್ನ ತೆಗೀರಿ."

ಕೆಲಸ ಹೋದರೂ ಹೋಗಲಿ ಎಂದೇ ಬಂದಿದ್ದ. ಹೋಗಲಿ ಎಂದು ಒಳಗೊಳಗೆ ಬೇಡಿಕೊಂಡೂ ಇದ್ದ. ಶಂಕ್ರಪ್ಪನವರು ನಕ್ಕುಬಿಟ್ಟರು.

"ನನಗ ಗೊತ್ತಿಲ್ಲೇನೋ ಅದು? ನೀ ಅನ್ನೂ ಮುಂದ ಇಲ್ಲೇ ಕುಂತಿದ್ನೆಲ್ಲ. ನೀ ಅಂದ್ರ ಏನೂ ಆಗೂದಿಲ್ಲೋ ಹುಚ್ಚಪ್ಪಾ. ನೀ ಅಂದ್ರ ಮಂದಿ ಚಹಾ ಕುಡೀತಾರ, ಮರೀತಾರ. ಆಕಿ ಅಂದ್ರ ಬ್ಯಾರೆ ಆಕ್ಕೈತಿ. ಇರ್ಲಿ, ಪ್ರವೀಣಕುಮಾರನ ಸಿಟ್ಟೂ ಇಳಿದೈತಿ. ಬರಾಕ ಹೇಳು ಆಕೀಗೆ. ಬಾಯಿ ಮುಚ್ಚಿಕೊಂಡು ಕುಂದ್ರು ಅಂತ ಹೇಳು."

ಇಷ್ಟು ವರ್ಷ ಲೋಕದ ದೊರೆಗಳಿಗೆಲ್ಲ ಅಂಜದೆ ಬೈದೆನೆಂದು ಬೀಗಿದ್ದೆಲ್ಲ ಇಷ್ಟೇ ಆಗಿತ್ತೇ? ಪರಮೇಶಪ್ಪನಿಗೆ ನಾಚಿಕೆಯಾಯಿತು. ಆದರೂ ಮರುದಿನ ಬೆಳಿಗ್ಗೆ ಆ ಕರೆಯನ್ನು ಹೊತ್ತುಕೊಂಡು ಬ್ಯಾಡಗಿಯ ಸ್ಟೇಶನ್ನಿಗೆ ಹೋದ.

ಮಾಸುಮಬಿ ಪ್ಲಾಟ್‌ಫಾರ್ಮಿನ ಕಟ್ಟೆಯ ಮೇಲೆ ಬುತ್ತಿಯ ಗಂಟು ಇಟ್ಟುಕೊಂಡು ಕೂತಿದ್ದಳು. ಅವನನ್ನು ಕಂಡು ಎದ್ದು ನಿಂತಳು.

"ಸಾಹುಕಾರ್ರು ಬಾ ಅಂದಾರ, ಮಾಸುಮಬಿ."

"ಮತ್ತೇನಂದಾರ್ರಿ?"

ಪರಮೇಶಪ್ಪ ಮಾತನ್ನು ಮೆತ್ತಗೆ ಮಾಡಿ ಹೇಳಿದ. "ಬಾಯಿ... ಸ್ವಲ್ಪ ಬಿಗಿ ಹಿಡಕೊಂಡು ಕುಂದ್ರಬೇಕಂತ."

"ಹಂಗಂದ್ರ ನಾ ಒಲ್ಲೆ ಬಿಡ್ರಿ." ಅವಳು ಅಷ್ಟೇ ಹೇಳಿ ಹಳಿಯ ಕಡೆ ನೋಡಿದಳು.

"ಅವತ್ತ ನೀ ನನ್ನ ಹೆಸರು ಹೇಳಲಿಲ್ಲ. ನನ್ನ ಉಳಿಸಿದಿ. ಆ ಮಾತು ನಂದಿತ್ತು, ನಾ ಸುಮ್ನ ನಿಂತೆ. ತಪ್ಪಾತವಾ."

"ನಿಮ್ಮನ್ನ ಉಳಿಸಾಕ ಅಂದದ್ದಲ್ರಿ ಅದು, ಅಣ್ಣಾರ. ನೀವು ಓದಿ ಹೇಳಿದ ದಿನ ಮನಿಗೆ ಹೋಗಿ ರೊಟ್ಟಿ ಬಡಿಯಾಗೂ ಅದ ಮಾತು ತಲ್ಯಾಗಿತ್ತು. ಖರೇ ಐತಲ್ಲ ಅನಿಸ್ತು. ಖರೇ ಅನಿಸಿದ ಮ್ಯಾಲ ಅದು ನಂದ ಆತಲ್ರಿ." ಸ್ವಲ್ಪ ತಡೆದು ಅವನ ಮುಖ ನೋಡಿದಳು. "ಕೆಲಸ ಹೋದದ್ದಕ್ಕ ನನಗ ನಿಮ್ಮ ಮ್ಯಾಲ ಸಿಟ್ಟಿಲ್ಲ. 'ಆಕೀಗೇನ್ ತಿಳೀತೈತಿ' ಅಂದ್ರೆಲ್ಲ, ಅದಕ್ಕ ಐತಿ. ಒಂದ ಕೇಳ್ತೇನಿ. ಪೇಪರ್ ಓದಿ ಬಾಂಬಿನ ಮಾತು ಅಂದ ದಿನ ನಿಮಗ ಅದು ಖರೇ ಅನಿಸಿರಲಿಲ್ಲೇನ್ರಿ?"

ಪರಮೇಶಪ್ಪ ಬಾಯಿ ತೆರೆದ. ಎಂದೂ ಉತ್ತರಕ್ಕೆ ಕೊರತೆಯಿಲ್ಲದ ಬಾಯಿ. ಆ ದಿನ ಚೀಲದ ಮೇಲೆ ಕೂತು ಹೇಳುವಾಗ ಮನಸ್ಸಿನಲ್ಲಿ ಏನಿತ್ತು ಎಂದು ಹುಡುಕಿದ. ಬಾಗ್ದಾದಿನ ಯಾವ ತಾಯಿಯೂ ಅಲ್ಲಿರಲಿಲ್ಲ. ಮಾತು ಚಂದ ಬಂತು ಎಂಬ ಹಿಗ್ಗಿತ್ತು, ಯಾರು ತಲೆಯೆತ್ತಿ ನೋಡಿದರು ಎಂಬ ಲೆಕ್ಕವಿತ್ತು. ಇದನ್ನು ಹೇಗೆ ಹೇಳುವುದು? ರೈಲು ಬಂತು. ಮಾಸುಮಬಿ ಉತ್ತರಕ್ಕಾಗಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹಿಂದಿನವರು ನೂಕಿದರು, ಅವಳು ಒಳಗೆ ಹೋದಳು.

ಅಂಗಳಕ್ಕೆ ಬಂದಾಗ ಹೆಂಗಸರು ಆಗಲೇ ರಾಶಿಗೆ ಕೂತಿದ್ದರು. ಬೇವಿನ ಬುಡ ಖಾಲಿಯಿತ್ತು, ಯಾರೂ ಅಲ್ಲಿ ಕೂತಿರಲಿಲ್ಲ. ಪರಮೇಶಪ್ಪ ಸೈಕಲ್ ನಿಲ್ಲಿಸುವುದನ್ನೇ ನೋಡುತ್ತಿದ್ದ ಹೊಳಿಯವ್ವ, ಎಷ್ಟೋ ದಿನಗಳ ಮೇಲೆ ಅವನೊಡನೆ ನೇರವಾಗಿ ಮಾತಾಡಿದಳು.

"ಸ್ಟೇಶನ್ನಿಗೆ ಹೋಗಿದ್ರೇನು? ಬರ್ತಾಳೇನ್ರಿ ಆಕಿ?"

"ಇಲ್ಲವಾ."

"ಎಲ್ಲಿಂದ ಬಂದಾಳ್ರಿ ಪಾಪ. ನಿಮ್ಮ ಮಾತು ಆಡಿ ಆಕಿ ಕೂಳು ಕಳಕೊಂಡ್ಲು."

ಪರಮೇಶಪ್ಪನಿಗೆ ತನ್ನ ಜನ್ಮದಲ್ಲಿ ಒಂದಾದರೂ ನಿಜವಾದ ಮಾತು ಆಡಬೇಕೆನ್ನಿಸಿತು. ಎಲ್ಲರಿಗೂ, ಗಾದಿಯ ಮೇಲಿದ್ದವರಿಗೂ ಕೇಳುವ ಹಾಗೆ ಹೇಳಿದ:

"ಅದು ನನ್ನ ಮಾತಲ್ಲ, ಹೊಳಿಯವ್ವಾ. ಆಕೀದ ಮಾತು."

ಅಂಗಳದ ಕೈಗಳೆಲ್ಲ ನಿಂತವು. ಹೊಳಿಯವ್ವ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇನ್ನೂ ಆಕೀ ಮ್ಯಾಲ ಹಾಕ್ತೀರೇನ್ರಿ?" ಅಂದಳು.

ಅಲ್ಲ, ಹಾಗಲ್ಲ ಎನ್ನಲು ಹೋದ. ಅಷ್ಟರಲ್ಲಿ ಹೊಳಿಯವ್ವ ಸೆರಗನ್ನು ಮೂಗಿಗೆ ಬಿಗಿದುಕೊಂಡು ರಾಶಿಯ ಕಡೆ ತಿರುಗಿದಳು. ಉಳಿದವರೂ ತಿರುಗಿದರು, ತೊಟ್ಟು ಮುರಿಯತೊಡಗಿದರು.