ದೃಷ್ಟಿಗುಂಬಳದ ಮಜ್ಜಿಗೆಹುಳಿ

ಇದನ್ನು ಹೇಳುವ ಅಧಿಕಾರ ನನಗಿದೆಯೇ ಎಂದು ಯಾರಾದರೂ ಕೇಳಬಹುದು. ನಾನು ಆ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇರುವವಳು. ಅವರ ಹಿತ್ತಲನ್ನು ನೋಡಿದ್ದೆಲ್ಲ ಬಟ್ಟೆ ಒಣಹಾಕುವ ನೆಪದಲ್ಲಿ. ಹಗಲು ಸೊಸೈಟಿಯೊಂದರಲ್ಲಿ ಗುಮಾಸ್ತೆಯಾಗಿದ್ದುಕೊಂಡು ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದೆ. ಬಸ್ಸಿಗೆ ಹೊತ್ತಾಗುತ್ತದೆಂದು ಕೊನೆಯ ಪೀರಿಯಡ್ ಬಿಟ್ಟು ಓಡುತ್ತಿದ್ದುದರಿಂದ ಕಥೆಗಳ ಕೊನೆ ಹೇಗಿರಬೇಕೆಂಬುದು ನನಗೆ ಸರಿಯಾಗಿ ಬರುವುದಿಲ್ಲ. ತಪ್ಪಾದರೆ ಕ್ಷಮಿಸಬೇಕು. ಮನೆಯವರು ಓದಿದರೆ ಅವರೂ ಕ್ಷಮಿಸಬೇಕು.

ಮನೆ ಇರುವುದು ಕೆಂಗೇರಿ ಉಪನಗರದಲ್ಲಿ. ಯಜಮಾನರು ನಂಜುಂಡಪ್ಪ. ಬಡಾವಣೆ ಬರುವ ಮೊದಲು ಅವರು ಇದೇ ಜಾಗದಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದರು. ಮಣ್ಣಿನ ಸಹವಾಸ ಎಷ್ಟು ಸಾಕಾಗಿತ್ತೆಂದರೆ, ಮನೆ ಕಟ್ಟಿಸಿದ ಮೇಲೆ ಮುಂದೆ, ಪಕ್ಕಕ್ಕೆ, ಮೆಟ್ಟಿಲ ಕೆಳಗೆ, ಮಣ್ಣು ಕಂಡಲ್ಲೆಲ್ಲ ಸಿಮೆಂಟು ಹಾಕಿಸಿದರು. ಉಳಿದದ್ದು ಹಿತ್ತಲೊಂದೇ. ಅದಕ್ಕೂ ಮೇಸ್ತ್ರಿಯನ್ನು ಗೊತ್ತುಮಾಡಿದ್ದಾಗ ಮಗ ಭೈರೇಶ್ ಮತ್ತು ಸೊಸೆ ಕೀರ್ತನಾ ಅಡ್ಡ ಬಂದರು.

ಭೈರೇಶ್ ವಿಮಾ ಕಚೇರಿಯಲ್ಲಿದ್ದಾನೆ. ಕೀರ್ತನಾ ನಾಗರಬಾವಿಯ ಶಾಲೆಯೊಂದರಲ್ಲಿ ಟೀಚರು. ಇಬ್ಬರೂ ಭಾನುವಾರದ ಕೈತೋಟ ತರಗತಿಗೆ ಹೋಗಿ, ಸರ್ಟಿಫಿಕೇಟು ತಂದು, ಲ್ಯಾಮಿನೇಷನ್ ಮಾಡಿಸಿ ಹಾಲ್‌ನಲ್ಲಿ ತೂಗುಹಾಕಿದರು. ಭೈರೇಶನಿಗೆ ಅದೊಂದು ಹುರುಪು. ಕೀರ್ತನಾಳದ್ದು ಬೇರೆ. ಅವಳು ಬೆಳೆದದ್ದು ರಾಜಾಜಿನಗರದ ವಠಾರಗಳಲ್ಲಿ, ಅಲ್ಲಿ ತುಳಸಿ ಕುಂಡ ಇಡುವುದಕ್ಕೂ ಅವಳ ಮನೆಯವರು ಮಾಲೀಕರ ಅಪ್ಪಣೆ ಕೇಳಬೇಕಿತ್ತಂತೆ. ನನ್ನದು ಅಂತ ಒಂದು ತುಂಡು ನೆಲ ಬೇಕು ಕಲಕ್ಕ ಎಂದು ಅವಳು ನನ್ನ ಬಳಿ ಹೇಳಿದ್ದಳು.

ನಂಜುಂಡಪ್ಪನವರು ಯೋಚಿಸಿ ಒಂದು ಷರತ್ತು ಹಾಕಿದರು.

"ಸಂಕ್ರಾಂತಿ ದಿನ ಈ ಹಿತ್ಲಲ್ಲಿ ಬೆಳೆದಿದ್ದು ನನ್ನ ಎಲೆ ಮೇಲೆ ಬೀಳ್ಬೇಕು ಕಣಮ್ಮ. ಬಿತ್ತೋ, ಹಿತ್ಲು ನಿಂದು. ಇಲ್ಲಾಂದ್ರೆ ಹಬ್ಬದ ಮಾರನೇ ದಿನ ಮೇಸ್ತ್ರಿ ಬರ್ತಾನೆ."

ಗಂಡಹೆಂಡತಿ ಕೆಲಸಕ್ಕಿಳಿದರು. ಹಿಂದೆ ಹೊಲವಾಗಿದ್ದ ಜಾಗಕ್ಕೆ ಆನ್‌ಲೈನಿನಲ್ಲಿ ಮಣ್ಣು ತರಿಸಿದರು. 'ಮಣ್ಣಿನ ಮಡಿಲು' ಎಂದು ಬೋರ್ಡು ಬರೆಸಿದರು. ಮನೆಯಲ್ಲಿ ಯಾರೂ ತಿನ್ನದ ಲೆಟ್ಯೂಸ್ ಹಾಕಿದರು. ಗೊಬ್ಬರಕ್ಕೂ ಮೊಟ್ಟೆಗೂ ಆಗುತ್ತದೆಂದು ತಂದ ಎರಡು ನಾಟಿಕೋಳಿಗಳು ಆ ಲೆಟ್ಯೂಸನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದವು. ಕೋಳಿಗಳನ್ನು ಮಾಗಡಿಯ ನೆಂಟರ ಮನೆಗೆ ಕಳಿಸಿದ್ದಾಯಿತು. ಪಂಚಗವ್ಯದ ಬಕೆಟ್ಟಿನ ವಾಸನೆಗೆ ನಾನು ಕಿಟಕಿ ಮುಚ್ಚಿಕೊಂಡೇ ಊಟ ಮಾಡುತ್ತಿದ್ದೆ, ಆದರೆ ಅದನ್ನು ಹೇಳಲು ಸಂಕೋಚವಾಗುತ್ತಿತ್ತು. ಬದನೆಗೆ ಹುಳು ಬಿತ್ತು, ಟೊಮೆಟೊ ಹೂವಿನಲ್ಲೇ ಉದುರಿತು. ನಂಜುಂಡಪ್ಪನವರು ಪ್ರತಿದಿನ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ಆಡದಿರುವುದೇ ಅವರಿಗೆ ಖುಷಿ ಕೊಡುತ್ತಿತ್ತೆಂದು ನನಗೆ ತೋರಿತು.

ಈ ನಡುವೆ ಆಯುಧಪೂಜೆ ಬಂತು. ನಮ್ಮ ಬೀದಿಯಲ್ಲಿ ಕಾರು, ಸ್ಕೂಟರು, ಮಿಕ್ಸಿವರೆಗೆ ಎಲ್ಲಕ್ಕೂ ಬೂದುಗುಂಬಳ ನಿವಾಳಿಸಿ ಒಡೆದರು. ಮಾರನೇ ಬೆಳಗ್ಗೆ ಕೀರ್ತನಾ ಬುಟ್ಟಿ ಹಿಡಿದು ಹೊರಟಳು. ಒಂದು ಹಿಡಿ ಹಸಿ ಕಸವೂ ವ್ಯರ್ಥವಾಗಬಾರದೆಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಡೆದ ಕುಂಬಳದ ಚೂರುಗಳನ್ನೆಲ್ಲ ಆರಿಸಿ, ಕುಂಕುಮ ತೊಳೆದು, ಸಿಕ್ಕ ಚಿಲ್ಲರೆಯನ್ನು ಗುಡಿಯ ಹುಂಡಿಗೆ ಹಾಕಿ, ಚೂರುಗಳನ್ನು ಗೊಬ್ಬರದ ಗುಂಡಿಗೆ ಸುರಿದಳು. ತಡೆಯಬೇಕಾದ ಅತ್ತೆ ಮುನಿತಾಯಮ್ಮ ಅವತ್ತು ಕೋಳಿಗಳನ್ನು ನೋಡಿಕೊಂಡು ಬರಲು ಮಾಗಡಿಗೆ ಹೋಗಿದ್ದರು.

ಗುಂಡಿಯಿಂದ ಬಳ್ಳಿ ಎದ್ದಿತು. ಬೇರೇನೂ ಬೆಳೆಯದ ಆ ಹಿತ್ತಲಿನಲ್ಲಿ ಅದು ಬದನೆಯನ್ನು ಮುಚ್ಚಿ, ಬೋರ್ಡನ್ನು ಮುಚ್ಚಿ, ಕಾಂಪೌಂಡು ಹತ್ತಿತು. ಧನುರ್ಮಾಸದ ಹೊತ್ತಿಗೆ ಒಂದೇ ಒಂದು ಕಾಯಿ ಹಂಡೆಯಷ್ಟಾಗಿ ಗೋಡೆಗೆ ಒರಗಿ ಕೂತಿತ್ತು. ಕೀರ್ತನಾ ಫೋಟೋ ತೆಗೆದು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿ, ಸಂಕ್ರಾಂತಿಗೆ ನಮ್ಮ ಹಿತ್ತಲ ಊಟ, ಎಲ್ಲರೂ ಬನ್ನಿ ಎಂದು ಬರೆದಳು.

ಎದುರುಮನೆಯ ಜಗದಾಂಬಾ ಎಳ್ಳುಬೆಲ್ಲದ ಸಾಮಾನು ತರಲು ಹೊರಟವರು ಗೇಟಿನಲ್ಲಿ ನಿಂತರು.

"ನಮ್ಮ ಕಾರಿನ ದೃಷ್ಟಿ ನಿಮ್ಮ ಹಿತ್ಲಲ್ಲಿ ಚೆನ್ನಾಗಿ ಹಬ್ಬಿದೆ ಕಣಮ್ಮ," ಎಂದರು. "ಊಟಕ್ಕೆ ನಾವು ಬರಲ್ಲ, ಬೇಜಾರು ಮಾಡ್ಕೋಬೇಡ. ತೆಗೆಸಿದ್ದನ್ನೇ ತಿಂದ್ರೆ ತೆಗೆಸಿದ್ದು ಯಾತಕ್ಕೆ?"

ಮುನಿತಾಯಮ್ಮನವರಿಗೆ ಆಗಲೇ ವಿಷಯ ತಿಳಿದದ್ದು. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಬೀದಿಯೋರ ಕಣ್ಣೆಲ್ಲಾ ಬುಟ್ಟೀಲಿ ತಂದು ಮನೇಲಿ ಬಿತ್ತಿದೀಯಲ್ಲವ್ವಾ."

ಇಡಿಯ ಬೂದುಗುಂಬಳಕ್ಕೆ ಹೆಂಗಸರು ಕತ್ತಿ ಹಾಕುವಂತಿಲ್ಲ, ಮೊದಲ ಹೋಳು ಗಂಡಸೇ ಮಾಡಬೇಕು ಎಂಬುದು ಆ ಮನೆಯ ಪದ್ಧತಿ. ಕೀರ್ತನಾ ಗಂಡನ ಕಡೆ ನೋಡಿದಳು. ರಾಸಾಯನಿಕ, ಮೂಢನಂಬಿಕೆ ಎರಡೂ ದೇಶವನ್ನು ಹಾಳುಮಾಡಿವೆ ಎಂದು ನನಗೆ ಮೆಟ್ಟಿಲಲ್ಲಿ ನಿಲ್ಲಿಸಿ ಉಪದೇಶ ಮಾಡಿದ್ದವನು ಭೈರೇಶ್.

"ನಾನು ಅದನ್ನೆಲ್ಲಾ ನಂಬಲ್ಲ ಕಣೇ," ಎಂದ. "ಆದ್ರೆ ಮುಟ್ಟೋದೂ ಇಲ್ಲ. ಇಂಥದ್ದನ್ನ ಯಾವ ಪಾಲಿಸಿನೂ ಕವರ್ ಮಾಡಲ್ಲ."

ಕೀರ್ತನಾ ಹೋಗಿ ಕಾಯಿಯ ಪಕ್ಕ ಕೂತಳು. ನಾನು ಒಣಗಿದ್ದ ಬಟ್ಟೆಯನ್ನೇ ಮತ್ತೆ ಹರವುತ್ತ ನಿಂತಿದ್ದೆ.

ಕೊನೆಗೆ ಉಪಾಯ ಹುಡುಕಿದವರು ಮುನಿತಾಯಮ್ಮ. ಕಾಯಿಗೆ ದೃಷ್ಟಿ ಇದ್ದರೆ ಕಾಯಿಗೇ ದೃಷ್ಟಿ ತೆಗೆದರಾಯಿತು. ಅದಕ್ಕೆ ಬೇಕಾದದ್ದು ಇನ್ನೊಂದು ಬೂದುಗುಂಬಳ. ಧೈರ್ಯ ಸಾಲದ ಭೈರೇಶ್ ಭಕ್ತಿಯಲ್ಲಿ ಕಡಿಮೆಯಾಗಬಾರದೆಂದು ಹಬ್ಬದ ಹಿಂದಿನ ದಿನ ಕೆಂಗೇರಿಯ ಅಂಗಡಿಗಳನ್ನೆಲ್ಲ ಸುತ್ತಿ, ನಮ್ಮ ಕಾಯಿಯಷ್ಟೇ ಗಾತ್ರದ್ದನ್ನು ಹುಡುಕಿ ತಂದ. ನಿವಾಳಿಸಿ ಒಡೆಯುವುದು, ಉಳಿದದ್ದನ್ನು ಹೋಳುಮಾಡುವುದು ಎರಡೂ ಯಜಮಾನರ ಕೈಯಿಂದಲೇ ಆಗಬೇಕೆಂದಾಯಿತು. ಹಿತ್ತಲು ಬೇಡವೆನ್ನುವ ಮನುಷ್ಯನ ಕೈಗೇ ಹಿತ್ತಲಿನ ಹಣೆಬರಹ ಹೋಯಿತು. ಅವರು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ.

ಹಬ್ಬದ ಬೆಳಗ್ಗೆ ನಂಜುಂಡಪ್ಪನವರು ಬಿಳಿ ಶರ್ಟು ತೊಟ್ಟು, ಪಂಚೆ ಉಟ್ಟು ಒಬ್ಬರೇ ಹಿತ್ತಲಿಗೆ ಬಂದರು. ಮಿಕ್ಕವರು ಒಳಗೆ ದೇವರ ಮುಂದಿದ್ದರು. ಬಳ್ಳಿಯಿಂದ ಕಾಯಿ ಕಿತ್ತು ಅಂಗಡಿಯ ಕಾಯಿಯ ಪಕ್ಕದಲ್ಲಿಟ್ಟರು. ಒಂದೊಂದನ್ನೂ ಎತ್ತಿ ನೋಡಿದರು. ಹೆಬ್ಬೆರಳಿನಿಂದ ಮೇಲಿನ ಬೂದಿಯನ್ನು ಉಜ್ಜಿದರು. ಬಳ್ಳಿಯ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು, ಒಂದು ಹಿಡಿ ಮಣ್ಣು ತೆಗೆದು, ಮೂಸಿ, ಯಾರಾದರೂ ನೋಡಿದರೇನೋ ಎಂಬಂತೆ ಕೈ ಒರೆಸಿಕೊಂಡರು. ಅಷ್ಟರಲ್ಲಿ ಗಾಳಿಗೆ ನನ್ನ ಒದ್ದೆ ಬೆಡ್‌ಶೀಟು ಮುಖಕ್ಕೆ ಬಂದು ಬಡಿಯಿತು. ನಾನು ಬಿಡಿಸಿಕೊಳ್ಳುವಷ್ಟರಲ್ಲಿ ಅವರು ಒಂದು ಕಾಯಿಯ ಮೇಲೆ ಕರ್ಪೂರ ಹಚ್ಚಿ ಇನ್ನೊಂದಕ್ಕೆ ನಿವಾಳಿಸುತ್ತಿದ್ದರು. ಬೀದಿಯಲ್ಲಿ ಕಾಯಿ ಒಡೆದ ಸದ್ದಿಗೆ ಕೀರ್ತನಾ ಬುಟ್ಟಿ ಹಿಡಿದು ಓಡಿಬಂದಳು. ಮುನಿತಾಯಮ್ಮ ಅವಳ ರಟ್ಟೆ ಹಿಡಿದು ನಿಲ್ಲಿಸಿದರು.

ಮಧ್ಯಾಹ್ನ ಊಟಕ್ಕೆ ಬೀದಿಯವರು ಯಾರೂ ಬರಲಿಲ್ಲ. ಬಾಡಿಗೆಯವಳಾದ ನನಗೆ ತಪ್ಪಿಸಿಕೊಳ್ಳಲು ಆಗಲಿಲ್ಲ. ಭೈರೇಶ್ ಮಜ್ಜಿಗೆಹುಳಿಯ ಹೋಳುಗಳನ್ನು ಎಲೆಯ ಅಂಚಿಗೆ ಸರಿಸಿ ಬರೀ ಹುಳಿ ಕಲಸಿಕೊಂಡ. ಕೀರ್ತನಾ ಬಡಿಸಿ ಮಾವನ ಎದುರೇ ನಿಂತಳು. ನಂಜುಂಡಪ್ಪನವರು ನಿಧಾನವಾಗಿ ತಿಂದರು. ಮತ್ತೊಮ್ಮೆ ಹಾಕಿಸಿಕೊಂಡರು.

"ನಮ್ಮ ಹಿತ್ಲಿಂದೇ," ಎಂದರು. "ಭೈರ, ಮೇಸ್ತ್ರಿಗೆ ಬೇಡ ಅಂತ ಫೋನ್ ಮಾಡು."

ಕೀರ್ತನಾ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಈಗ ಆ ಕಾಯಿಯ ಬೀಜಗಳನ್ನು ಒಣಗಿಸಿ, ನಮ್ಮ ಮನೆ ಬೀಜ ಎಂದು ಡಬ್ಬಿಯ ಮೇಲೆ ಬರೆದಿಟ್ಟಿದ್ದಾಳೆ.

ಅವತ್ತು ಬೀದಿಯಲ್ಲಿ ಒಡೆದದ್ದು ಯಾವುದು, ನಾವು ತಿಂದದ್ದು ಯಾವುದು, ನನಗೆ ಗೊತ್ತಿಲ್ಲ. ನಂಜುಂಡಪ್ಪನವರ ಶರ್ಟಿನ ಎರಡು ತೋಳಿಗೂ ಬೂದಿ ಹತ್ತಿತ್ತು. ಅವರು ಸೋತು ಹಿತ್ತಲು ಕೊಟ್ಟರೋ, ಅಂಗಡಿಯ ಕಾಯಿ ತಿಂದು ಗೆದ್ದೂ ಕೊಟ್ಟರೋ, ಕೇಳುವ ಧೈರ್ಯ ನನಗೆ ಬರಲಿಲ್ಲ.