ಸೊಂಟದ ಮೂರು ಕೀಲಿಕೈ

ಬಡಗಿಯ ಮನೆಗೆ ಸೊಸೆಯಾಗಿ ಬಂದವಳು ಬೋರ್ಡು ಬರೆಯುವವನ ಮಗಳು. ತವರಿನಿಂದ ತಂದ ಸಾಮಾನಿನಲ್ಲಿ ಅತ್ತೆಯ ಕಣ್ಣಿಗೆ ಬಿದ್ದದ್ದು ಒಂದೇ: ಹನ್ನೊಂದು ಬ್ರಷ್ಷುಗಳಿದ್ದ ತಗಡಿನ ಡಬ್ಬ. "ಇದರಲ್ಲಿ ಕಸ ಗುಡಿಸೋಕಾಗುತ್ತಾ?" ಎಂದು ಕೇಳಿ ಅವರು ಆ ವಿಷಯವನ್ನು ಅಲ್ಲಿಗೇ ಮುಗಿಸಿದ್ದರು.

ಮಾವ ಮತ್ತು ಗಂಡ ಕೆಲಸ ಮಾಡುವ ಚಪ್ಪರದ ಮೂಲೆಯಲ್ಲಿ, ಮಿಕ್ಕ ಹಲಗೆಗಳ ಮೇಲೆ ಅವಳು ಮನೆಯವರ ಚಿತ್ರ ಬರೆಯುತ್ತಿದ್ದಳು. ಆದರೆ ಗರಗಸ ಆಡಿದಾಗಲೆಲ್ಲ ಮರದ ಪುಡಿ ಎದ್ದು ಹಸಿ ಬಣ್ಣದ ಮೇಲೆ ಕೂರುತ್ತಿತ್ತು. ಬೆಳಿಗ್ಗೆ ಬರೆದ ಮಾವನ ಮುಖಕ್ಕೆ ಸಂಜೆಯೊಳಗೆ ಸಿಡುಬು ಎದ್ದಂತಾಗುತ್ತಿತ್ತು. ಹಿತ್ತಲ ಕಡೆ ಬೀಜದ ಕೋಣೆಯೊಂದಿತ್ತು. ಬೀಜದ ಚೀಲಗಳು ಅಟ್ಟ ಸೇರಿ ಮೂರು ವರ್ಷವಾಗಿ ಅದು ಬರಿದೇ ಬಿದ್ದಿತ್ತು. ಉತ್ತರಕ್ಕೊಂದು ಕಿಟಕಿ, ದಿನವಿಡೀ ಒಂದೇ ಹದದ ಬೆಳಕು. ಅದರ ಕೀಲಿಕೈ ಅತ್ತೆಯ ಸೊಂಟದಲ್ಲಿತ್ತು, ಕಬ್ಬಿಣದ ಬಳೆಗೆ ಪೋಣಿಸಿದ ಮೂರರಲ್ಲಿ ನಡುವಿನದು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಗಂಡ "ನೀನೇ ಕೇಳು" ಎಂದು ಜಾರಿಕೊಂಡ. ಮಾವ ಅದೇ ಹೊತ್ತಿಗೆ ಉಳಿ ಮಸೆಯಲು ಕೂತರು.

ಅವಳೇ ಕೇಳಿದಳು.

"ನನ್ನನ್ನ ಬರಿ," ಎಂದರು ಅತ್ತೆ. "ನೋಡಿದೋರು ಇದು ನಾನೇ ಅನ್ನೋ ಹಾಗಿದ್ರೆ ಕೋಣೆ ನಿಂದು. ಇಲ್ಲಾಂದ್ರೆ ಆ ಡಬ್ಬ ಅಟ್ಟಕ್ಕೆ."

ಮೊದಲ ಚಿತ್ರವನ್ನು ಬರೆದದ್ದು ಅವಳ ಕೈಯಲ್ಲ, ಅವಳ ಹೆದರಿಕೆ. ಹಣೆಯ ಗೆರೆ ಮಾಯವಾಯಿತು, ಕೆನ್ನೆ ತುಂಬಿಕೊಂಡಿತು, ತುಟಿಯ ಮೇಲೆ ಒಂದು ಚೂರು ನಗು ಬಂತು. ಅತ್ತೆ ಅದನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು.

"ಯಾರೇ ಇವಳು?"

"ನೀವೇ ಅತ್ತೆ."

"ನಾನಾ? ಇವಳು ಹುಟ್ಟಿದ ಮೇಲೆ ಒಂದು ಕೊಡ ನೀರು ಹೊತ್ತಿಲ್ಲ. ಇಂಥೋಳು ನಮ್ಮನೆಗೆ ಬಂದಿದ್ರೆ ಎರಡೇ ದಿನದಲ್ಲಿ ನಾನೇ ಓಡಿಸ್ತಿದ್ದೆ. ಬೆಣ್ಣೆ ಹಚ್ಚಬೇಡ ಹುಡುಗಿ, ಬಣ್ಣ ಹಚ್ಚು. ಇನ್ನೊಂದು ಹಲಗೆ ತಗೋ. ಅದೇ ಕೊನೇದು."

ಈ ಸಲ ಅವಳು ಅತ್ತೆಯನ್ನು ಎದುರಿಗೆ ಕೂರಿಸಲಿಲ್ಲ. ಚಿತ್ರಕ್ಕೆಂದು ಕೂತ ಮನುಷ್ಯ ತನ್ನ ಮನೆಯಲ್ಲೇ ನೆಂಟನಾಗಿಬಿಡುತ್ತಾನೆ. ನೀರು ಸೇದುವಾಗ, ಕಾಳು ಕೇರುವಾಗ, ಮಗನನ್ನು ಬೈಯುವಾಗ ಕದ್ದು ನೋಡಿದಳು. ನಸುಕಿನಲ್ಲಿ, ಗರಗಸ ಏಳುವ ಮೊದಲು ಬರೆದಳು. ಹುಬ್ಬಿನ ನಡುವಿನ ಎರಡು ಗೀರು ಬಂದವು. ಸೊಂಟದ ಕೀಲಿಕೈಗಳು ಬಂದವು. ಮೊಳೆಗಳನ್ನು ಕಚ್ಚಿಕೊಂಡಂತೆ ಬಿಗಿದ ಆ ಬಾಯಿಯ ಹತ್ತಿರ ಮಾತ್ರ ಬ್ರಷ್ಷು ಮೂರು ದಿನ ನಿಂತುಬಿಟ್ಟಿತು. ನಾಲ್ಕನೆಯ ದಿನ, ಆದದ್ದಾಗಲಿ ಎಂದು, ಇದ್ದಂತೆಯೇ ಬರೆದುಬಿಟ್ಟಳು.

ಹಲಗೆಯನ್ನು ನಡುಮನೆಯ ಕಂಬಕ್ಕೆ ಒರಗಿಸಿದಳು. ಅತ್ತೆ ಬಾಗಿಲ ಪಕ್ಕದಲ್ಲಿ ನಿಂತು ನೋಡಿದರು. ಮಾವ ಬಂದು ನಿಂತರು. ಅಷ್ಟರಲ್ಲಿ ಗಂಡ ಮೈತುಂಬ ಮರದ ಪುಡಿ ಹೊತ್ತು ಹೊಸ್ತಿಲು ದಾಟಿದವನು, ಕಂಬದತ್ತ ಕಣ್ಣು ಹಾಯಿಸಿದ್ದೇ ಗಕ್ಕನೆ ತಿರುಗಿ ಅಂಗಳಕ್ಕಿಳಿದ. ಅಂಗಿ ಕೊಡವಿ, ಕಾಲು ತೊಳೆದು, ಒಳ್ಳೆಯ ಮಗನಾಗಿ ಮತ್ತೆ ಬಂದ.

"ಯಾಕೋ ವಾಪಸ್ ಹೋದೆ?" ಬಾಗಿಲ ಪಕ್ಕದಿಂದ ಅತ್ತೆ ಕೇಳಿದರು.

"ನೀನು ಗುರಾಯಿಸ್ತಿದ್ಯಲ್ಲಮ್ಮ, ಅಲ್ಲಿಂದ..."

"ನಾನು ಇಲ್ಲಿದೀನಿ ಕಣೋ!"

ಮಾವ ಹೊಟ್ಟೆ ಹಿಡಿದು ನಕ್ಕರು. ಅತ್ತೆ ನಗಲಿಲ್ಲ. ಹಸಿ ಬಣ್ಣಕ್ಕೆ ತಾಗದಂತೆ ಬೆರಳು ಚಾಚಿದರು.

"ಎಲ್ಲ ಸರಿ. ಈ ಎಡಗಡೆ ಭುಜ ಯಾಕೆ ಇಳಿಸಿದ್ದೀಯ?"

"ಅದು... ಇಳಿದಿದೆ ಅತ್ತೆ."

"ಯಾವಾಗಿಂದ?"

ಅವಳಿಗೇನು ಗೊತ್ತು? ಮಾವನ ನಗು ನಿಂತಿತ್ತು.

"ಈ ಮನೆ ಕಟ್ಟಿದ ವರ್ಷದಿಂದ," ಎಂದರು ಅವರು. "ತೊಲೆಗೆ ಒಂದು ಕಡೆ ನಾನು ಹೆಗಲು ಕೊಟ್ಟಿದ್ದೆ. ಇನ್ನೊಂದು ಕಡೆಗೆ ಆಳು ಸಿಕ್ಕಿರಲಿಲ್ಲ."

"ನಿಮಗೆ ಗೊತ್ತಿತ್ತಾ?" ಅತ್ತೆ ಮಾವನತ್ತ ತಿರುಗಿದರು.

"ಬಡಗಿ ಕಣೇ ನಾನು. ಮಟ್ಟ ತಪ್ಪಿದ್ದು ಕಾಣಲ್ವಾ?"

"ಇಷ್ಟು ವರ್ಷ ಒಂದು ಮಾತು ಆಡಲಿಲ್ಲ."

"ಆಡೋಕೆ ಬಿಡ್ತಿದ್ಯಾ ನೀನು?"

ಅತ್ತೆ ಭುಜವನ್ನು ಮೇಲೆತ್ತಿ ನೋಡಿದರು. ಬಿಟ್ಟೊಡನೆ ಅದು ತನ್ನ ಜಾಗಕ್ಕೇ ಇಳಿಯಿತು. ಒಳಗೆ ಹೋದರು.

ಮರುದಿನ ಬೆಳಿಗ್ಗೆ ಚಪ್ಪರದ ಮೂಲೆಯಲ್ಲಿ ಡಬ್ಬ ಇರಲಿಲ್ಲ. ಅಟ್ಟಕ್ಕೆ ಹೋಯಿತು ಎಂದುಕೊಂಡಳು ಸೊಸೆ. ಆಗ ಹಿತ್ತಲ ಕಡೆ ತುಕ್ಕು ಹಿಡಿದ ಕೀಲು ಕಿರುಗುಟ್ಟಿತು. ಓಡಿದಳು. ಬೀಜದ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಡಬ್ಬ ಕೂತಿತ್ತು. ಅತ್ತೆ ಮೂರು ವರ್ಷದ ಧೂಳಿನ ನಡುವೆ ಪೊರಕೆ ಹಿಡಿದು ನಿಂತಿದ್ದರು.

"ನಿನ್ನ ಹನ್ನೊಂದು ಬ್ರಷ್ಷೂ ಸೇರಿದ್ರೂ ಈ ಕಸಕ್ಕೆ ಸಾಲಲ್ಲ. ಹಿಡಿ," ಎಂದು ಕೀಲಿಕೈಯನ್ನು ಅವಳ ಅಂಗೈಗೆ ಹಾಕಿದರು. ಸೊಂಟದ ಬಿಸಿ ಅದರಲ್ಲಿ ಇನ್ನೂ ಇತ್ತು.

ಮಧ್ಯಾಹ್ನ ಅತ್ತೆಯೇ ಚಿತ್ರವನ್ನು ಹೊತ್ತು ತಂದರು.

"ಇದರಲ್ಲೊಂದು ಸುಳ್ಳಿದೆ. ಎಣಿಸು."

ಹಲಗೆಯ ಮೇಲಿನ ಸೊಂಟದಲ್ಲಿ ಮೂರು ಕೀಲಿಕೈ. ಎದುರಿಗಿದ್ದ ಸೊಂಟದಲ್ಲಿ ಎರಡು.

"ನಡುವಿಂದು ಅಳಿಸು," ಎಂದರು ಅತ್ತೆ.

ಬಣ್ಣ ಇನ್ನೂ ಒಣಗಿರಲಿಲ್ಲ. ಸೊಸೆ ಹಳೆ ಬಟ್ಟೆಯ ತುದಿಯನ್ನು ಎಣ್ಣೆಯಲ್ಲಿ ಅದ್ದಿದಳು. ಚಪ್ಪರದಲ್ಲಿ ಗರಗಸ ಶುರುವಾಗಿತ್ತು, ಪುಡಿ ಅಲ್ಲೇ ಹಾರುತ್ತಿತ್ತು. ಅತ್ತೆ ಅವಳ ಕೈಯನ್ನೇ ನೋಡುತ್ತ ಹತ್ತಿರಕ್ಕೆ ಬಾಗಿದರು.

"ಮೆಲ್ಲಗೆ. ಭುಜದ ತಂಟೆಗೆ ಹೋಗಬೇಡ ಮತ್ತೆ."