ಮೂರನೆಯ ಮನೆಯ ಸಹಿ

ಬಟ್ಟೆ ಒಗೆಯುವ ಯಂತ್ರ ಆರು ವರ್ಷಕ್ಕೊಂದು, ನಾನೂರು ಡಾಲರ್. ನೀರು ಕಾಯಿಸುವ ಹಂಡೆ ಐದು ವರ್ಷಕ್ಕೊಂದು, ಇನ್ನೂರೈವತ್ತು. ಚರ್ಚಿಗೆ ತೊಡುವ ಬಿಳಿ ಅಂಗಿಗಳು ವರ್ಷಕ್ಕೆ ನಾಲ್ಕು, ಏಕೆಂದರೆ ಆರ್ಲಿಸ್ ಹೌಗೆನ್‌ಳ ಬಾವಿಯ ನೀರಿನಲ್ಲಿ ಎರಡು ಸಲ ಒಗೆದರೆ ಬಿಳಿಯೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗುತ್ತಿತ್ತು. ಇದರೆದುರು ಕೊಳವೆ ನೀರು: ಸಂಪರ್ಕಕ್ಕೆ ಐನೂರು, ಆಮೇಲೆ ತಿಂಗಳಿಗೆ ಮೂವತ್ತು. ಮಿಸೌರಿ ನದಿಯಿಂದ ಉತ್ತರ ಡಕೋಟಾದ ಆರು ಊರುಗಳಿಗೂ ಸುತ್ತಲಿನ ಹೊಲಮನೆಗಳಿಗೂ ನೀರು ತರುವ ಯೋಜನೆ ಅದು. ಆರ್ಲಿಸ್ ಹೇಗೆ ಕೂಡಿಸಿದರೂ ಕೊಳವೆಯದೇ ಒಂದಿಷ್ಟು ಹೆಚ್ಚು ಬರುತ್ತಿತ್ತು. ಆ ಹೆಚ್ಚಿನದನ್ನು ಅವಳು ಸಂತೋಷದಿಂದ ಕೊಡಲು ಸಿದ್ಧಳಿದ್ದದ್ದು ವರ್ನಾ ಟ್ವೈಟ್‌ಳ ಕಾರಣಕ್ಕೆ.

ವರ್ನಾ ಆರ್ಲಿಸ್ ಇದ್ದ ಜಲ್ಲಿ ರಸ್ತೆಯಲ್ಲೇ ಕೊನೆಯ ಮನೆಯವಳು. ಅವಳ ಬಾವಿ ನಲವತ್ತೇ ಅಡಿ ಆಳ, ನೀರು ಮಾತ್ರ ಸಿಹಿ. ಮೂವತ್ತು ವರ್ಷದಿಂದ ಆರ್ಲಿಸ್ ಪ್ರತಿ ಶನಿವಾರ ಅಲ್ಲಿಗೆ ಹೋಗಿ ಕುಡಿಯಲು, ಕಾಫಿಗೆ ಕ್ಯಾನು ತುಂಬಿಸಿಕೊಂಡು ಬರುತ್ತಿದ್ದಳು. ವರ್ನಾ ಒಂದು ಕಾಸೂ ಮುಟ್ಟಿದವಳಲ್ಲ. ಮುಟ್ಟಿದ್ದರೆ ಆರ್ಲಿಸ್ ನೀರು ಕೊಂಡವಳಾಗುತ್ತಿದ್ದಳು, ಮುಟ್ಟದ್ದರಿಂದ ಬೇಡಿದವಳಾದಳು. ತಂತಿಯ ಮೇಲೆ ಹಾರಾಡುವ ವರ್ನಾಳ ಬಿಳಿ ಹೊದಿಕೆಗಳನ್ನು ಕಂಡರೆ ಅವಳ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಗುತ್ತಿತ್ತು. ಚರ್ಚಿನ ಕಾಫಿಯನ್ನು ಯಾರೇ ಮಾಡಿದರೂ ಹೊಗಳಿಕೆ ನೀರು ಕೊಟ್ಟ ವರ್ನಾಳಿಗೆ.

ಆ ರಸ್ತೆಗೆ ಕೊಳವೆ ಬರಬೇಕಾದರೆ ತಿಂಗಳ ಕೊನೆಯೊಳಗೆ ಮೂರು ಮನೆಯವರು ಸಹಿ ಹಾಕಬೇಕು ಎಂಬುದು ನಿಯಮ. ಆರ್ಲಿಸ್ ಹಾಕಿದ್ದಳು, ಪಕ್ಕದ ಡಾಲ್ ದಂಪತಿ ಹಾಕಿದ್ದರು. ಆ ರಸ್ತೆಯಲ್ಲಿ ಇನ್ನು ಉಳಿದದ್ದು ವರ್ನಾಳ ಮನೆ ಒಂದೇ. ಸಿಹಿನೀರಿನ ಬಾವಿಯವಳು ದುಡ್ಡು ತೆತ್ತು ನೀರು ಏಕೆ ಕೊಂಡಾಳು?

ಆರ್ಲಿಸ್ ಒಂದು ಉಪಾಯ ಮಾಡಿದಳು. ಶನಿವಾರ ತಂದ ನೀರಿನಲ್ಲಿ ಒಂದು ಸೀಸೆ ತುಂಬಿ ಸರ್ಕಾರಿ ಪರೀಕ್ಷೆಗೆ ಕಳಿಸಿದಳು. ಗೊಬ್ಬರದ ವಿಷವೋ ದನದ ಕೊಟ್ಟಿಗೆಯ ಕೊಳೆಯೋ ಏನಾದರೂ ಇಳಿದಿರಲಿ ಎಂದು ಹತ್ತು ದಿನ ಹಾರೈಸಿದಳು. ವರದಿ ಬಂತು. ನೀರಿನಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ.

ಗಡುವಿಗೆ ಎರಡು ದಿನವಿದ್ದಾಗ ಅವಳು ಕ್ಯಾನಿಲ್ಲದೆ ವರ್ನಾಳ ಮನೆಗೆ ಹೋದಳು. ಪಂಪು ಕೆಟ್ಟರೆ, ಬೆಂಕಿ ಬಿದ್ದರೆ, ನಾಳೆ ಜಮೀನು ಮಾರುವುದಾದರೆ ಎಂದು ಕೊಳವೆಯ ಲಾಭಗಳನ್ನೆಲ್ಲ ಹೇಳಿದಳು. ವರ್ನಾ ಕಾಫಿ ಬಗ್ಗಿಸುತ್ತ ಹೂಂಗುಟ್ಟಿದಳು. ಬಾವಿ ಕೆಟ್ಟಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಸಹಿ ಬೀಳುತ್ತಿತ್ತೇನೋ. ಅದನ್ನು ಹೇಳುವ ಬದಲು ಆರ್ಲಿಸ್ ವರದಿಯನ್ನು ಮೇಜಿನ ಮೇಲಿಟ್ಟಳು.

"ನಿನ್ನ ನೀರು ಕೆಟ್ಟಿರ್ಲಿ ಅಂತ ಹಾರೈಸಿ ಕಳ್ಸಿದ್ದೆ ಕಣೇ. ಕೆಟ್ಟಿಲ್ಲ."

ವರ್ನಾ ಕನ್ನಡಕ ಹಾಕಿಕೊಂಡು ಓದಿದಳು. "ಅಯ್ಯೋ, ಕೆಟ್ಟಿದ್ರೆ ಎಷ್ಟು ಚೆನ್ನಾಗಿತ್ತು."

"ಹಂಗಿಸ್ಬೇಡ, ಮಾರಾಯ್ತಿ."

"ಹಂಗಿಸ್ತಿಲ್ಲ. ಮೂವತ್ತು ವರ್ಷದಿಂದ ಶನಿವಾರ ಅಂದ್ರೆ ನಾನು ಮನೆ ಬಿಟ್ಟು ಹೋಗಿಲ್ಲ. ಸುತ್ತಲಿನ ರಸ್ತೆಗಳೋರೂ ಸೇರಿ ಒಂಬತ್ತು ಮನೆಯೋರು ಬರ್ತೀರಿ. ಜ್ವರ ಇದ್ರೂ ನಗ್ತಾ ನಿಂತ್ಕೋಬೇಕು, ಎಲ್ರಿಗೂ ಕಾಫಿ ಕೊಡ್ಬೇಕು. ನೀನು ತುಂಬಿಸ್ಕೊಂಡು ಜುಮ್ಮಂತ ಹೊರಟ್ಹೋಗ್ತೀಯ. ನಿನ್ನ ಅಂಗಳಕ್ಕೆ ಒಂದು ನರಪಿಳ್ಳೆ ಬರಲ್ಲ. ಅದನ್ನ ನೋಡಿ ಎಷ್ಟು ಹೊಟ್ಟೆ ಉರ್ಕೊಂಡಿದೀನಿ ಗೊತ್ತಾ?"

"ನನ್ನ ನೋಡಿ?"

"ಮತ್ತೇನು, ನಿನ್ನ ಅಂಗಿ ಬಣ್ಣ ನೋಡಿ ಉರ್ಕೊಳ್ಲಾ?"

ಹಾಗಿದ್ದರೆ ಇಷ್ಟು ದಿನ ಸಹಿ ಏಕೆ ಹಾಕಲಿಲ್ಲ ಎಂದು ಆರ್ಲಿಸ್ ಕೇಳಿದಳು.

"ಒಳ್ಳೇ ನೀರಿರೋಳು ನಾನಾಗೇ ಹೋಗಿ ಹಾಕಿದ್ರೆ, ನಮ್ಮನ್ನ ಓಡಿಸೋಕೆ ಹಾಕಿದ್ಳು ಅಂತಿರ್ಲಿಲ್ವಾ ನೀವೆಲ್ಲ? ಈಗ ಹಾಕ್ತೀನಿ. ಆದ್ರೆ ನೀನೇ ಕೂತು ಒತ್ತಾಯ ಮಾಡ್ದೆ ಅಂತ ಎಲ್ಲರ ಹತ್ರ ಹೇಳ್ಬೇಕು."

ಆರ್ಲಿಸ್ ಒಪ್ಪಿದಳು; ಒಪ್ಪದೆ ದಾರಿಯಿರಲಿಲ್ಲ.

ಮರು ವರ್ಷ ಅಕ್ಟೋಬರಿನಲ್ಲಿ ಆ ರಸ್ತೆಗೂ ಸುತ್ತಲಿನ ರಸ್ತೆಗಳಿಗೂ ಕೊಳವೆ ಬಂತು. ಅಷ್ಟೊಳ್ಳೆಯ ಬಾವಿಯಿದ್ದೂ ನೆರೆಯವಳಿಗಾಗಿ ವರ್ನಾ ದುಡ್ಡು ಸುರಿದಳಲ್ಲ ಎಂದು ಚರ್ಚಿನಲ್ಲಿ ಎಲ್ಲರೂ ಕೊಂಡಾಡಿದರು. ಒತ್ತಾಯ ಮಾಡಿದ್ದು ತಾನೇ ಎಂದು ಕೊಟ್ಟ ಮಾತಿನಂತೆ ಹೇಳಿ ಆರ್ಲಿಸ್ ತಲೆಯಾಡಿಸಿದಳು. ಶನಿವಾರಗಳಲ್ಲಿ ವರ್ನಾ ಮಗಳ ಊರಿಗೆ ಹೋಗತೊಡಗಿದಳು; ಆರ್ಲಿಸ್‌ಗೆ ಹೋಗಲು ಯಾವ ಜಾಗವೂ ಇರಲಿಲ್ಲ. ಅವಳ ಅಂಗಿಗಳು ಬಿಳಿಯಾಗಿಯೇ ಉಳಿದವು. ಒಳ್ಳೆಯ ಹೆಸರು ಈ ಸಲವೂ ವರ್ನಾಳಿಗೇ ಹೋಯಿತು.